ಮೂಗಿಗೆ ಸಿಗದ ದೂಳು

ನಗರದ ಕೆಟ್ಟ ಗಾಳಿಯಿಂದ ಶ್ವಾಸಕೋಶ ಹಾಳಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಕೆಮ್ಮು, ಉಬ್ಬಸ, ದಮ್ಮು, ಗಂಟಲ ಕೆರೆತ: ಹೊಗೆ ದೂಳಿನ ಸುದ್ದಿ ಬಂದಾಗ ನೆನಪಾಗುವ ಕಾಯಿಲೆಗಳು ಇವೇ. ಗಾಳಿ ಹೋಗುವುದು ಶ್ವಾಸಕೋಶಕ್ಕೆ, ಹಾಗಾಗಿ ಪೆಟ್ಟು ಬೀಳುವುದೂ ಅಲ್ಲಿಗೇ ಎಂದುಕೊಳ್ಳುವುದು ಸಹಜ.

ಸಾವಿನ ಲೆಕ್ಕ ಮಾತ್ರ ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯದಿಂದ ಜಗತ್ತಿನಾದ್ಯಂತ ಸುಮಾರು 42 ಲಕ್ಷ ಜನ ಅಕಾಲದಲ್ಲಿ ತೀರಿಕೊಂಡರು. ಅವರಲ್ಲಿ ನೂರಕ್ಕೆ 68 ಮಂದಿಯ ಸಾವಿಗೆ ಕಾರಣ ಹೃದ್ರೋಗ ಅಥವಾ ಪಾರ್ಶ್ವವಾಯು. ಹಳೆಯ ದಮ್ಮಿನ ಕಾಯಿಲೆಯ ಪಾಲು ನೂರಕ್ಕೆ 14, ನ್ಯುಮೋನಿಯಾದಂಥ ಸೋಂಕಿನ ಪಾಲೂ ಅಷ್ಟೇ. ಶ್ವಾಸಕೋಶದ ಕ್ಯಾನ್ಸರಿನದು ನೂರಕ್ಕೆ 4. ಅಂದರೆ ಕೆಟ್ಟ ಗಾಳಿ ಒಳಗೆ ಹೋಗುವುದು ಮೂಗಿನಿಂದಾದರೂ ಅದು ಹೆಚ್ಚು ಜನರನ್ನು ಕೊಲ್ಲುವುದು ರಕ್ತನಾಳದ ಮೂಲಕ.

ಉಸಿರಾಡಿದ ಹೊಗೆ ಹೃದಯವನ್ನು ಹೇಗೆ ಮುಟ್ಟುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯವಿಜ್ಞಾನಕ್ಕೆ ದಶಕಗಳೇ ಹಿಡಿದವು. ಉತ್ತರ ಶುರುವಾಗುವುದು ದೂಳಿನ ಗಾತ್ರದಿಂದ.

ಎಲ್ಲ ದೂಳೂ ಒಂದೇ ಅಲ್ಲ

ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಕಿಟಕಿಯಿಂದ ಬರುವ ಬಿಸಿಲಕೋಲಿನಲ್ಲಿ ತೇಲಾಡುತ್ತ ಕಣ್ಣಿಗೆ ಬೀಳುವ ಕಣಗಳಲ್ಲಿ ಹೆಚ್ಚಿನವು ಹತ್ತಾರು ಮೈಕ್ರಾನ್ ಗಾತ್ರದವು. ಗಾಳಿಯ ಗುಣಮಟ್ಟ ಅಳೆಯುವವರು ಗಮನಿಸುವುದು ಅದಕ್ಕಿಂತ ಸಣ್ಣವನ್ನು. 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳನ್ನು ಒಟ್ಟಾಗಿ ಪಿಎಂ 10 ಎಂದೂ, 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವನ್ನು ಪಿಎಂ 2.5 ಎಂದೂ ಕರೆಯುತ್ತಾರೆ. ಈ ಎರಡನೆಯದನ್ನು ಇಲ್ಲಿ ನವಿರು ದೂಳು ಎನ್ನಬಹುದು. ಇಂಥ ಇಪ್ಪತ್ತು ಮೂವತ್ತು ಕಣಗಳನ್ನು ಸಾಲಾಗಿ ಇಟ್ಟರೆ ಒಂದು ಕೂದಲಿನ ಅಗಲ ತುಂಬುತ್ತದೆ. 0.1 ಮೈಕ್ರಾನಿಗಿಂತಲೂ ಸಣ್ಣವು ಅತಿನವಿರು ಕಣಗಳು. ಡೀಸೆಲ್ ಎಂಜಿನ್ ಉಗುಳುವ ಹೊಸ ಮಸಿಯಲ್ಲಿ ಅವು ಲೆಕ್ಕವಿಲ್ಲದಷ್ಟು ಇರುತ್ತವೆ.

ಗಾತ್ರದ ಜೊತೆ ಹುಟ್ಟೂ ಬೇರೆಯಾಗುತ್ತದೆ. ದಪ್ಪ ದೂಳು ಹೆಚ್ಚಾಗಿ ಉಜ್ಜಿ, ಒಡೆದು, ಪುಡಿಯಾಗಿ ಬಂದದ್ದು. ರಸ್ತೆಯ ಮಣ್ಣು, ಕಟ್ಟಡ ಕೆಲಸದ ಸಿಮೆಂಟು, ಎಂ-ಸ್ಯಾಂಡು ಈ ಗುಂಪಿಗೆ ಸೇರುತ್ತವೆ. ನವಿರು ದೂಳು ಹೆಚ್ಚಾಗಿ ಬೆಂಕಿಯ ಕೂಸು. ಪೆಟ್ರೋಲು, ಡೀಸೆಲು, ಕಲ್ಲಿದ್ದಲು, ಸೌದೆ, ಕಸ, ಪ್ಲಾಸ್ಟಿಕ್, ಹೀಗೆ ಏನನ್ನು ಸುಟ್ಟರೂ ಅದು ಹುಟ್ಟುತ್ತದೆ. ಹೊಗೆಯಲ್ಲಿ ಅನಿಲವಾಗಿ ಹೊರಟ ಗಂಧಕ ಮತ್ತು ಸಾರಜನಕದ ಆಕ್ಸೈಡುಗಳು ಗಾಳಿಯಲ್ಲೇ ಅಮೋನಿಯಾ ಜೊತೆ ಕೂಡಿ ಉಪ್ಪಿನಂಥ ಕಣಗಳಾಗುವುದೂ ಉಂಟು. ಹಾಗಾಗಿ ಚಿಮಣಿಯ ಬಾಯಲ್ಲಿ ಕಪ್ಪು ಹೊಗೆ ಕಾಣದ ಮಾತ್ರಕ್ಕೆ ಅಲ್ಲಿ ದೂಳು ಹುಟ್ಟುತ್ತಿಲ್ಲ ಎನ್ನುವಂತಿಲ್ಲ.

ಉಸಿರಿನ ದಾರಿ

ಹೊಲದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಶ್ವಾಸನಾಳದ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಮೊರದಿಂದ ಸುರಿದ ಕಾಳು ತೂಕಕ್ಕೆ ನೇರ ಕಾಲಬುಡದಲ್ಲೇ ಬೀಳುತ್ತದೆ. ಹೊಟ್ಟು ನಾಲ್ಕು ಮಾರು ಆಚೆ ಬೀಳುತ್ತದೆ. ಸುಂಕು ಗಾಳಿಯ ಜೊತೆಯಲ್ಲೇ ಬದು ದಾಟಿ ಹೋಗುತ್ತದೆ. ಒಂದೊಂದು ಉಸಿರಿನಲ್ಲೂ ಇದೇ ತೂರುವ ಕೆಲಸ ನಡೆಯುತ್ತದೆ. ಮೂಗಿನೊಳಗೆ ನುಗ್ಗಿದ ಗಾಳಿ ಗಂಟಲಿನಲ್ಲಿ ಥಟ್ಟನೆ ತಿರುಗಬೇಕು. 10 ಮೈಕ್ರಾನಿಗಿಂತ ದಪ್ಪ ಕಣಕ್ಕೆ ಆ ವೇಗದಲ್ಲಿ ತಿರುಗಲು ಆಗುವುದಿಲ್ಲ, ಹೋಗಿ ಗೋಡೆಗೆ ಬಡಿದು ಲೋಳೆಗೆ ಅಂಟುತ್ತದೆ. ಸೀನು ಅದನ್ನು ಹೊರಹಾಕುತ್ತದೆ. ದಿನವಿಡೀ ಬೈಕ್ ಓಡಿಸಿ ಮನೆಗೆ ಬಂದವರು ಮೂಗು ತೊಳೆದಾಗ ಕರವಸ್ತ್ರಕ್ಕೆ ಹತ್ತುವ ಕಪ್ಪು ಇದೇ.

ಇದಕ್ಕಿಂತ ಸಣ್ಣವು ಶ್ವಾಸನಾಳಕ್ಕೆ ಇಳಿಯುತ್ತವೆ. ಶ್ವಾಸನಾಳ ಮರದ ಕೊಂಬೆಯಂತೆ ಎರಡಾಗಿ, ನಾಲ್ಕಾಗಿ, ಮತ್ತೆ ಮತ್ತೆ ಕವಲೊಡೆಯುತ್ತದೆ. ಒಂದೊಂದು ಕವಲಿನಲ್ಲೂ ಒಂದಷ್ಟು ಕಣ ಗೋಡೆಗೆ ಸಿಕ್ಕಿಬೀಳುತ್ತವೆ. ಅಲ್ಲಿನ ಗೋಡೆಯ ತುಂಬ ನುಣ್ಣನೆಯ ರೋಮಗಳಿದ್ದು, ಅವು ಎಡೆಬಿಡದೆ ಬಾಗಿ ಏಳುತ್ತ ಲೋಳೆಯನ್ನು ಗಂಟಲಿನತ್ತ ಮೇಲಕ್ಕೆ ತಳ್ಳುತ್ತಿರುತ್ತವೆ. ಕೆಮ್ಮಿ ಕ್ಯಾಕರಿಸಿದಾಗ ಬರುವ ಕಫದಲ್ಲಿ ಆ ಕಸವೂ ಇರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಈ ರೋಮಗಳು ಸೊರಗುತ್ತವೆ. ಅಂಥವರ ಪಾಲಿಗೆ ನಗರದ ಗಾಳಿ ಇನ್ನಷ್ಟು ಕಂಟಕ.

ನವಿರು ದೂಳು ಈ ಎರಡು ಕಾವಲನ್ನೂ ದಾಟಬಲ್ಲದು. ತಿರುವಿನಲ್ಲಿ ಗಾಳಿಯೊಂದಿಗೇ ತಿರುಗಿ, ಕವಲಿನಲ್ಲಿ ಗಾಳಿಯೊಂದಿಗೇ ಕವಲೊಡೆದು ಅದು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳನ್ನು ಸೇರುತ್ತದೆ. ಅದರಲ್ಲೊಂದು ಪಾಲು ಹೊರಬರುವ ಉಸಿರಿನ ಜೊತೆ ಹಿಂದಿರುಗುತ್ತದೆ, ಉಳಿದದ್ದು ಅಲ್ಲೇ ಕೂರುತ್ತದೆ. ಹೀಗೆ ಕೂತ ದೂಳಿಗೆ ಸೀನು ಬರುವುದಿಲ್ಲ, ಕೆಮ್ಮು ಬರುವುದಿಲ್ಲ. ಒಳಗೆ ಏನೋ ಸೇರಿತು ಎಂಬ ಸುಳಿವೇ ದೇಹದ ಯಜಮಾನನಿಗೆ ಸಿಗುವುದಿಲ್ಲ. ನಗರದ ಗಾಳಿಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದು: ಸೀನಿಸುವ ದೂಳು ಅರ್ಧ ಸೋತ ದೂಳು, ಸುಮ್ಮನೆ ಇಳಿದುಹೋಗುವುದೇ ಅಪಾಯದ್ದು.

ಗಾಳಿಗೂಡಿನ ತೆಳು ಗೋಡೆ

ಒಬ್ಬ ವಯಸ್ಕನ ಎದೆಯಲ್ಲಿ 30ರಿಂದ 50 ಕೋಟಿ ಗಾಳಿಗೂಡುಗಳಿವೆ. ಎಲ್ಲವನ್ನೂ ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ, ಸಣ್ಣದೊಂದು ಮನೆಯ ನೆಲದಷ್ಟು ವಿಸ್ತಾರ. ಆಮ್ಲಜನಕ ರಕ್ತಕ್ಕೆ ದಾಟಬೇಕಾದ್ದರಿಂದ ಇಲ್ಲಿ ಗೋಡೆಯ ದಪ್ಪ ಒಂದು ಮೈಕ್ರಾನಿಗಿಂತ ಕಡಿಮೆ. ಲೋಳೆಯ ಹೊದಿಕೆಯನ್ನಾಗಲೀ ರೋಮಗಳ ಸಾಲನ್ನಾಗಲೀ ಇಟ್ಟುಕೊಳ್ಳಲು ಇಲ್ಲಿ ಜಾಗವಿಲ್ಲ. ಕಸ ತೆಗೆಯುವ ಹೊಣೆ ಇಡಿಯಾಗಿ ಭಕ್ಷಕ ಕೋಶಗಳೆಂಬ ಅಲೆಮಾರಿ ಕಾವಲುಗಾರರ ಮೇಲಿದೆ. ಇವು ಗೋಡೆಯ ಮೇಲೆ ತೆವಳುತ್ತ, ಸಿಕ್ಕ ರೋಗಾಣುವನ್ನೂ ಕಸವನ್ನೂ ನುಂಗಿ ಅರಗಿಸುತ್ತವೆ.

ರೋಗಾಣು ಅರಗುತ್ತದೆ, ಮಸಿ ಅರಗುವುದಿಲ್ಲ. ತೊಂದರೆಯ ಬೇರು ಇಲ್ಲಿದೆ. ಮಸಿಯ ಕಣದ ಮೇಲೆ ಕಬ್ಬಿಣ, ತಾಮ್ರದಂಥ ಲೋಹಗಳೂ ಅರೆಬೆಂದ ಇಂಧನದ ಜಿಡ್ಡೂ ಅಂಟಿರುತ್ತವೆ. ಅದನ್ನು ನುಂಗಿದ ಭಕ್ಷಕ ಕೋಶ ಕೆರಳಿ, ಶತ್ರು ಬಂದಾಗ ಕೂಗುವ ಕೂಗನ್ನೇ ಕೂಗುತ್ತದೆ. ಈ ಕೂಗು ರಾಸಾಯನಿಕ ಸಂದೇಶಗಳ ರೂಪದ್ದು. ಅದು ಹತ್ತಿರದ ರಕ್ಷಣಾ ಕೋಶಗಳನ್ನು ಕರೆಸಿಕೊಳ್ಳುತ್ತದೆ, ಉರಿಯೂತ ಶುರುವಾಗುತ್ತದೆ. ತೆಳು ಗೋಡೆ ದಾಟಿ ರಕ್ತಕ್ಕೆ ಸೇರಿದ ಸಂದೇಶ ಯಕೃತ್ತನ್ನು ಮುಟ್ಟಿದಾಗ, ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಾಗಿ ತಯಾರಿಸತೊಡಗುತ್ತದೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತವೆ. ರಕ್ತನಾಳದ ಒಳಪದರ ಮೊದಲಿನಂತೆ ಸಲೀಸಾಗಿ ಹಿಗ್ಗುವುದಿಲ್ಲ.

ಇದೆಲ್ಲ ದೇಹ ತನ್ನ ಒಳಿತಿಗಾಗಿಯೇ ಮಾಡಿಕೊಂಡ ಏರ್ಪಾಡು. ಗಾಯವಾದಾಗ, ಸೋಂಕು ತಗುಲಿದಾಗ ಜೀವ ಉಳಿಸುವ ಕ್ರಮ ಇದು. ಗಾಯ ಎರಡು ದಿನದಲ್ಲಿ ಮಾಯುತ್ತದೆ, ಕೂಗು ನಿಲ್ಲುತ್ತದೆ. ನಗರದ ಗಾಳಿ ದಿನಕ್ಕೆ ಇಪ್ಪತ್ತು ಸಾವಿರ ಸಲ ಒಳಬರುತ್ತದೆ, ಕೂಗು ನಿಲ್ಲುವುದೇ ಇಲ್ಲ. ವರ್ಷಗಟ್ಟಲೆ ಮಂದವಾಗಿ ಉರಿಯುವ ಈ ಉರಿಯೂತ ರಕ್ತನಾಳದ ಗೋಡೆಯಲ್ಲಿ ಕೊಬ್ಬಿನ ಗಂಟುಗಳನ್ನು ಬೆಳೆಸುತ್ತದೆ. ಒಂದು ದಿನ ಗಂಟಿನ ಹೊದಿಕೆ ಬಿರಿದರೆ, ಹೆಪ್ಪುಗಟ್ಟಲು ಮೊದಲೇ ಸಿದ್ಧವಾಗಿರುವ ರಕ್ತ ಅಲ್ಲೇ ಗರಣೆಗಟ್ಟಿ ನಾಳವನ್ನು ಮುಚ್ಚುತ್ತದೆ. ಅದು ಹೃದಯದ ನಾಳವಾದರೆ ಹೃದಯಾಘಾತ, ಮೆದುಳಿನದಾದರೆ ಪಾರ್ಶ್ವವಾಯು.

ಒಳಹೋಗುವ ದೂಳಿನ ತೂಕ ನೋಡಿದರೆ ಈ ಮಾತನ್ನು ನಂಬುವುದು ಕಷ್ಟ. ವಯಸ್ಕನೊಬ್ಬ ದಿನಕ್ಕೆ ಸುಮಾರು 10 ಸಾವಿರ ಲೀಟರ್, ಅಂದರೆ 10 ಘನಮೀಟರ್ ಗಾಳಿ ಸೇವಿಸುತ್ತಾನೆ. ಘನಮೀಟರಿಗೆ 40 ಮೈಕ್ರೋಗ್ರಾಂ ನವಿರು ದೂಳಿದ್ದರೆ ದಿನಕ್ಕೆ 0.4 ಮಿಲಿಗ್ರಾಂ ಆಯಿತು. ವರ್ಷವಿಡೀ ಕೂಡಿಸಿದರೂ ಒಂದೂವರೆ ನೂರು ಮಿಲಿಗ್ರಾಂ ದಾಟುವುದಿಲ್ಲ, ಒಂದು ಚಿಟಿಕೆಯೂ ಇಲ್ಲ. ಇಷ್ಟು ಅಲ್ಪವಾದದ್ದು ಇಷ್ಟು ಅನಾಹುತ ಮಾಡುವುದು ತನ್ನ ತೂಕದಿಂದಲ್ಲ, ಅದು ಎಬ್ಬಿಸುವ ಪ್ರತಿಕ್ರಿಯೆಯಿಂದ. 10 ಮೈಕ್ರಾನಿನ ಒಂದು ಕಣವನ್ನು 1 ಮೈಕ್ರಾನಿನ ಕಣಗಳಾಗಿ ಒಡೆದರೆ ಸಾವಿರ ಕಣಗಳಾಗುತ್ತವೆ, ತೂಕ ಅಷ್ಟೇ ಇದ್ದರೂ ಅವುಗಳ ಒಟ್ಟು ಮೇಲ್ಮೈ ಹತ್ತು ಪಟ್ಟು ಹೆಚ್ಚುತ್ತದೆ. ಕೋಶಗಳನ್ನು ಮುಟ್ಟಿ ಕೆರಳಿಸುವುದು ಮೇಲ್ಮೈಯೇ.

ಇದಲ್ಲದೆ ಇನ್ನೆರಡು ದಾರಿಗಳಿವೆ. ಶ್ವಾಸಕೋಶದಲ್ಲಿರುವ ನರಗಳ ತುದಿಗಳನ್ನು ದೂಳು ಕೆಣಕಿದಾಗ ಹೃದಯದ ಬಡಿತದ ಲಯವೂ ರಕ್ತದೊತ್ತಡವೂ ಕೆಲವೇ ನಿಮಿಷ, ಗಂಟೆಗಳಲ್ಲಿ ಏರುಪೇರಾಗುತ್ತವೆ. ಇನ್ನೊಂದು, ಅತಿನವಿರು ಕಣಗಳು ಗೋಡೆ ದಾಟಿ ತಾವೇ ರಕ್ತಕ್ಕೆ ಇಳಿಯುವುದು.

ರಕ್ತದಲ್ಲಿ ಸಿಕ್ಕ ಚಿನ್ನ

ಕಣಗಳು ನಿಜವಾಗಿ ರಕ್ತಕ್ಕೆ ಇಳಿಯುತ್ತವೆಯೇ ಎಂದು ಪತ್ತೆ ಮಾಡುವುದು ಸುಲಭವಾಗಿರಲಿಲ್ಲ. ಮಸಿ ಎಂದರೆ ಇಂಗಾಲ. ದೇಹದ ತುಂಬ ಇಂಗಾಲವೇ ಇರುವಾಗ ಹೊರಗಿನಿಂದ ಬಂದದ್ದು ಯಾವುದೆಂದು ಗುರುತಿಸುವುದು ಹೇಗೆ? ಸ್ಕಾಟ್ಲೆಂಡಿನ ಎಡಿನ್‌ಬರಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಇದಕ್ಕೆ ಚಿನ್ನವನ್ನು ಬಳಸಿದರು. ಚಿನ್ನ ದೇಹದೊಂದಿಗೆ ಸುಲಭವಾಗಿ ಬೆರೆತು ಬದಲಾಗುವುದಿಲ್ಲ, ರಕ್ತದಲ್ಲಿ ಸಹಜವಾಗಿ ಇರುವ ಪ್ರಮಾಣವೂ ನಗಣ್ಯ. ಆರೋಗ್ಯವಂತ ಸ್ವಯಂಸೇವಕರು ವ್ಯಾಯಾಮದ ಸೈಕಲ್ ತುಳಿಯುತ್ತ, ಬಿಡುವು ಪಡೆಯುತ್ತ ಅತಿನವಿರು ಚಿನ್ನದ ಕಣಗಳಿದ್ದ ಗಾಳಿಯನ್ನು ಎರಡು ಗಂಟೆ ಸೇವಿಸಿದರು. ಕಾಲು ಗಂಟೆಯೊಳಗೆ ಕೆಲವರ ರಕ್ತದಲ್ಲಿ ಚಿನ್ನ ಕಾಣಿಸಿತು. 24 ಗಂಟೆಯಲ್ಲಿ ಬಹುತೇಕರ ರಕ್ತದಲ್ಲಿ ಇತ್ತು. ಮೂರು ತಿಂಗಳಾದ ಮೇಲೂ ರಕ್ತದಲ್ಲೂ ಮೂತ್ರದಲ್ಲೂ ಅದರ ಕುರುಹು ಉಳಿದಿತ್ತು. ಕಣ ಎಷ್ಟು ಸಣ್ಣದೋ ದಾಟುವಿಕೆ ಅಷ್ಟು ಹೆಚ್ಚು ಎಂಬುದೂ ಗೊತ್ತಾಯಿತು.

ಇನ್ನೂ ಮುಖ್ಯವಾದ ಸಂಗತಿ ಕುತ್ತಿಗೆಯ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ರೋಗಿಗಳಿಂದ ತಿಳಿದದ್ದು. ಕೆಲವರು ಶಸ್ತ್ರಚಿಕಿತ್ಸೆಗೆ ಮೊದಲು ಇದೇ ಗಾಳಿಯನ್ನು ಸೇವಿಸಲು ಒಪ್ಪಿದರು. ಹೊರತೆಗೆದ ಕೊಬ್ಬಿನ ಗಂಟನ್ನು ಪರೀಕ್ಷಿಸಿದಾಗ ಅದರೊಳಗೆ ಚಿನ್ನ ಸಿಕ್ಕಿತು. ಉಸಿರಾಡಿದ ಕಣ ರಕ್ತನಾಳದಲ್ಲಿ ಎಲ್ಲಿ ಕಾಯಿಲೆ ಇದೆಯೋ ಅಲ್ಲಿಗೇ ಹೋಗಿ ಕೂತಿತ್ತು. ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು.

ಹೆಪ್ಪುಗಟ್ಟುವ ರಕ್ತದ ವಿಚಾರಕ್ಕೆ ಪುರಾವೆ ಸಿಕ್ಕಿದ್ದು ಬೀಜಿಂಗ್‌ನಲ್ಲಿ. 2008ರ ಒಲಿಂಪಿಕ್ಸ್‌ಗಾಗಿ ಚೀನಾ ಸರ್ಕಾರ ಕಾರ್ಖಾನೆಗಳನ್ನು ಮುಚ್ಚಿಸಿ, ವಾಹನಗಳನ್ನು ಕಡಿಮೆ ಮಾಡಿ ನಗರದ ಗಾಳಿಯನ್ನು ಕೆಲವು ವಾರಗಳ ಮಟ್ಟಿಗೆ ತಿಳಿಯಾಗಿಸಿತು. ಅಲ್ಲಿನ ಆಸ್ಪತ್ರೆಯೊಂದರ 125 ಮಂದಿ ಆರೋಗ್ಯವಂತ ಯುವ ವೈದ್ಯರ ರಕ್ತವನ್ನು ಕ್ರೀಡಾಕೂಟಕ್ಕೆ ಮೊದಲು, ನಡುವೆ ಮತ್ತು ಅನಂತರ ಪರೀಕ್ಷಿಸಲಾಯಿತು. ಗಾಳಿ ತಿಳಿಯಾಗಿದ್ದಾಗ, ರಕ್ತ ಹೆಪ್ಪುಗಟ್ಟುವುದಕ್ಕೆ ಸಂಬಂಧಿಸಿದ ಸೂಚಕಗಳು ಇಳಿದಿದ್ದವು. ನಿರ್ಬಂಧ ತೆಗೆದು ಗಾಳಿ ಕೆಟ್ಟ ಮೇಲೆ ಬಹುತೇಕ ಸೂಚಕಗಳು ಹಳೆಯ ಮಟ್ಟದತ್ತ ಹೊರಳಿದವು. ಸಿಗರೇಟು ಸೇದದ, ಯಾವ ಕಾಯಿಲೆಯೂ ಇಲ್ಲದ, ಇಪ್ಪತ್ತರ ಹರೆಯದ ವೈದ್ಯರ ರಕ್ತವೇ ಗಾಳಿಗೆ ಹೀಗೆ ಸ್ಪಂದಿಸಿತು ಎಂಬುದನ್ನು ಗಮನಿಸಬೇಕು.

ಕಣ್ಣಿಗೆ ಕಂಡ ಹೊಗೆ, ಕಾಣದ ಹೊಗೆ

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಕಲ್ಲಿದ್ದಲ ಹೊಗೆ ಮತ್ತು ಮಂಜು ಕವಿದುಕೊಂಡಿತ್ತು. ಸುಮಾರು 4 ಸಾವಿರ ಜನ ಸತ್ತರೆಂದು ಆಗ ಅಂದಾಜಿಸಿದರು, 12 ಸಾವಿರದವರೆಗೂ ಇರಬಹುದೆಂದು ನಂತರದ ಲೆಕ್ಕಗಳು ಹೇಳಿದವು. ಬ್ರಿಟನ್ 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ತಂದಿತು. ಮುಂದಿನ ಬಹುಕಾಲ, ಇಂಥ ಕಪ್ಪು ಹೊಗೆ ಕವಿದಾಗ ಮಾತ್ರ ಗಾಳಿ ಕೊಲ್ಲುತ್ತದೆ ಎಂಬ ಭಾವನೆ ಜನರಲ್ಲಿ ಉಳಿಯಿತು.

ಅದನ್ನು ಅಲುಗಾಡಿಸಿದ್ದು ಅಮೆರಿಕದ ಹಾರ್ವರ್ಡ್ ಸಂಶೋಧಕರ ಆರು ನಗರಗಳ ಅಧ್ಯಯನ. ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಧೂಮಪಾನ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಅತಿ ಮಲಿನ ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಅತಿ ತಿಳಿ ಗಾಳಿಯ ಊರಿಗಿಂತ ನೂರಕ್ಕೆ 26ರಷ್ಟು ಹೆಚ್ಚಿತ್ತು. ಆ ಊರುಗಳಲ್ಲಿ ಯಾರೂ ಹೊಗೆಯಲ್ಲಿ ದಾರಿ ತಪ್ಪಿ ನಿಂತಿರಲಿಲ್ಲ. ಸಾವಿನೊಂದಿಗೆ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದ ಮಾಲಿನ್ಯಗಳಲ್ಲಿ ನವಿರು ದೂಳು ಮುಂಚೂಣಿಯಲ್ಲಿತ್ತು.

ಬೆಂಗಳೂರಿನ ಸಮಾಧಾನ

ಚಳಿಗಾಲದ ದೆಹಲಿಯ ಚಿತ್ರಗಳನ್ನು ನೋಡಿದಾಗ ಕರ್ನಾಟಕದವರಿಗೆ ತಮ್ಮ ಊರು ವಾಸಿ ಎನಿಸುವುದು ಸಹಜ. ದೆಹಲಿಯ ಕಷ್ಟಕ್ಕೆ ಭೂಗೋಳವೂ ಕಾರಣ. ಗಂಗಾ ಬಯಲಿನಲ್ಲಿ ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಬೆಚ್ಚನೆಯ ಪದರ ಅದರ ಮೇಲೆ ಕೂರುತ್ತದೆ. ತಣ್ಣನೆಯ ಗಾಳಿ ಭಾರ, ಮೇಲೇಳುವುದಿಲ್ಲ. ಊರಿನ ಹೊಗೆಯೆಲ್ಲ ಕೆಳಗಿನ ತೆಳು ಪದರದಲ್ಲೇ ಸೇರುತ್ತ ಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಬೀಸುತ್ತಿರುತ್ತದೆ, ಮಳೆಗಾಲ ದೂಳನ್ನು ತೊಳೆಯುತ್ತದೆ. ಆದರೂ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಇಲ್ಲಿಯೂ ಇದೇ ಪದರ ಸಣ್ಣ ಪ್ರಮಾಣದಲ್ಲಿ ಕಟ್ಟುತ್ತದೆ.

ಪ್ರಶ್ನೆ ದೆಹಲಿಗಿಂತ ವಾಸಿಯೇ ಎಂಬುದಲ್ಲ, ರಕ್ತನಾಳಕ್ಕೆ ಸಾಕಷ್ಟು ತಿಳಿಯಾಗಿದೆಯೇ ಎಂಬುದು. ನವಿರು ದೂಳಿನ ವಾರ್ಷಿಕ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು ಎಂದು ಭಾರತದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 10ರಿಂದ 5ಕ್ಕೆ ಇಳಿಸಿತು. ಬೆಂಗಳೂರು ಸಾಮಾನ್ಯವಾಗಿ ಮೊದಲನೆಯ ಗೆರೆಯ ಕೆಳಗೆ, ಎರಡನೆಯದರ ಹಲವು ಪಟ್ಟು ಮೇಲೆ ಇರುತ್ತದೆ. ಒಂದು ಕೋಟಿಗೂ ಹೆಚ್ಚು ನೋಂದಾಯಿತ ವಾಹನಗಳಿರುವ ಊರಿನಲ್ಲಿ ಇದು ಆಶ್ಚರ್ಯದ ಮಾತಲ್ಲ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು ಮಾತ್ರವಲ್ಲ, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳೂ ಇವೆ.

ಊರಿನ ಸರಾಸರಿ ಎಲ್ಲರ ಪಾಲಿನ ಗಾಳಿಯನ್ನೂ ಹೇಳುವುದಿಲ್ಲ. ಅತಿನವಿರು ಕಣಗಳ ಸಂಖ್ಯೆ ಹೆದ್ದಾರಿಯ ಅಂಚಿನಲ್ಲಿ ಅತಿ ಹೆಚ್ಚಾಗಿದ್ದು, ಮುನ್ನೂರು ಮೀಟರ್ ದಾಟುವಷ್ಟರಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಂಟು ಗಂಟೆ ನಿಲ್ಲುವ ಟ್ರಾಫಿಕ್ ಪೊಲೀಸ್, ಪಕ್ಕದಲ್ಲಿ ಎಳನೀರು ಮಾರುವವರು, ಆಟೋ ಚಾಲಕರು, ಪೌರಕಾರ್ಮಿಕರು ಸೇವಿಸುವ ಗಾಳಿಯೂ ಒಳಬಡಾವಣೆಯ ಗಾಳಿಯೂ ಒಂದೇ ಅಲ್ಲ. ಅತಿ ಕೆಟ್ಟ ಗಾಳಿಯಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲುವವರಿಗೇ ರಜೆ ಹಾಕಿ ಆಸ್ಪತ್ರೆಗೆ ಹೋಗುವ ಅನುಕೂಲ ಕಡಿಮೆ. ಇದು ಅನ್ಯಾಯ.

ಸೂಚ್ಯಂಕದ ಫಲಕವನ್ನು ಓದುವುದು

ವೃತ್ತಗಳಲ್ಲಿ, ಮೊಬೈಲಿನಲ್ಲಿ ಕಾಣುವ ವಾಯು ಗುಣಮಟ್ಟ ಸೂಚ್ಯಂಕ (ಎಕ್ಯೂಐ) ಭಾರತದಲ್ಲಿ 2015ರಿಂದ ಬಳಕೆಯಲ್ಲಿದೆ. ಎಂಟು ಮಾಲಿನ್ಯಗಳನ್ನು ಬೇರೆಬೇರೆಯಾಗಿ ಅಳೆದು, ಅವುಗಳಲ್ಲಿ ಅತಿ ಕೆಟ್ಟದ್ದರ ಅಂಕವನ್ನೇ ಊರಿನ ಅಂಕವಾಗಿ ತೋರಿಸುತ್ತಾರೆ. 50ರವರೆಗೆ ಉತ್ತಮ, 51ರಿಂದ 100 ತೃಪ್ತಿಕರ, 200ರವರೆಗೆ ಮಧ್ಯಮ, ಅದರಾಚೆ ಕಳಪೆ, 400 ದಾಟಿದರೆ ತೀವ್ರ. ನವಿರು ದೂಳಿನ ಮಟ್ಟಿಗೆ ಈ 'ತೃಪ್ತಿಕರ' ಎಂಬುದು ದಿನದ ಸರಾಸರಿ 60 ಮೈಕ್ರೋಗ್ರಾಂವರೆಗೂ ಸಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿ 15. ಹಾಗಾಗಿ ಫಲಕ ಹಸಿರಾಗಿದೆ ಎಂದಮಾತ್ರಕ್ಕೆ ಭಕ್ಷಕ ಕೋಶಗಳು ಸುಮ್ಮನಿವೆ ಎಂದು ತಿಳಿಯಬಾರದು. ಇದರ ಕೆಳಗೆ ಅಪಾಯವೇ ಇಲ್ಲ ಎನ್ನುವಂಥ ಮಟ್ಟ ನವಿರು ದೂಳಿಗೆ ಈವರೆಗೆ ಸಿಕ್ಕಿಲ್ಲ. ದೇಹ ಕೂಡಿಡುವುದು ವರ್ಷಗಳ ಸರಾಸರಿಯನ್ನು, ಸುದ್ದಿಯಾಗುವ ನಾಲ್ಕು ಕೆಟ್ಟ ದಿನಗಳನ್ನಷ್ಟೇ ಅಲ್ಲ.

ಕೈಯಲ್ಲಿರುವುದು

ಬಟ್ಟೆಯ ಮಾಸ್ಕು, ಮುಖಕ್ಕೆ ಕಟ್ಟಿದ ದುಪಟ್ಟಾ ಅಥವಾ ಕರವಸ್ತ್ರ ದಪ್ಪ ದೂಳನ್ನು ತಡೆಯುತ್ತವೆ, ನವಿರು ದೂಳಿಗೆ ಅವು ಬಹುಮಟ್ಟಿಗೆ ತೆರೆದ ಬಾಗಿಲು. ಮುಖಕ್ಕೆ ಬಿಗಿಯಾಗಿ ಕೂತ ಎನ್95 ಮಾಸ್ಕು ನವಿರು ಕಣಗಳನ್ನೂ ಹಿಡಿಯುತ್ತದೆ, ಸಡಿಲವಾಗಿದ್ದರೆ ಪ್ರಯೋಜನವಿಲ್ಲ. ಹೃದ್ರೋಗ ಇರುವವರು, ವಯಸ್ಸಾದವರು ಬೆಳಗಿನ ವಾಕಿಂಗನ್ನು ಬಸ್ಸು ಲಾರಿ ಓಡುವ ರಸ್ತೆಯ ಅಂಚಿನಿಂದ ಉದ್ಯಾನದ ಒಳಗಿನ ದಾರಿಗೆ ಬದಲಿಸಿಕೊಂಡರೂ ವ್ಯತ್ಯಾಸವಾಗುತ್ತದೆ. ವೇಗವಾಗಿ ನಡೆಯುವಾಗ ಉಸಿರು ಹೆಚ್ಚು, ಒಳಹೋಗುವ ಕಣವೂ ಹೆಚ್ಚು.

ಆದರೆ ಕೋಟಿ ಜನರ ಉಸಿರನ್ನು ಒಬ್ಬೊಬ್ಬರ ಮಾಸ್ಕಿನಿಂದ ಕಾಯಲಾಗದು, ದೂಳು ಹುಟ್ಟುವಲ್ಲಿಯೇ ತಡೆಯಬೇಕು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಇಂಧನ ಬಂದು, ಪೆಟ್ರೋಲು ಡೀಸೆಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಇದು ದೊಡ್ಡ ಹೆಜ್ಜೆ. ಹಳೆಯ ಡೀಸೆಲ್ ಲಾರಿಗಳು, ಅಪಾರ್ಟ್‌ಮೆಂಟುಗಳ ಜನರೇಟರುಗಳು, ಖಾಲಿ ಸೈಟಿನಲ್ಲಿ ಕಸಕ್ಕೆ ಇಡುವ ಬೆಂಕಿ ಇನ್ನೂ ಹಾಗೆಯೇ ಉಳಿದಿವೆ. ಕೊನೆಯದನ್ನು ನಿಲ್ಲಿಸಲು ಹೊಸ ತಂತ್ರಜ್ಞಾನ ಬೇಡ, ನೆರೆಹೊರೆಯವರ ಒಂದು ಮಾತು, ಪಾಲಿಕೆಗೆ ಒಂದು ದೂರು ಸಾಕು. ತರಗೆಲೆಯ ಗುಡ್ಡೆಗೆ ಕಡ್ಡಿ ಗೀರುವ ಕೈಯನ್ನು ತಡೆಯುವುದು ಆ ಬೀದಿಯ ಹೃದ್ರೋಗಿಗಳಿಗೆ ಮಾಡುವ ನೇರ ಉಪಕಾರ.

ಇಂಥ ಶ್ರಮದ ಫಲ ಬೇಗ ಕಾಣುತ್ತದೆ. ಅಮೆರಿಕದ ಯೂಟಾ ಕಣಿವೆಯಲ್ಲಿ 1986ರ ಆಗಸ್ಟ್‌ನಿಂದ ಸುಮಾರು ಹದಿಮೂರು ತಿಂಗಳು ಉಕ್ಕಿನ ಕಾರ್ಖಾನೆಯೊಂದು ಕೆಲಸ ನಿಲ್ಲಿಸಿದ್ದಾಗ, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಆ ಚಳಿಗಾಲದಲ್ಲೇ ಗಣನೀಯವಾಗಿ ಇಳಿದಿತ್ತು. ಹಾರ್ವರ್ಡ್ ಸಂಶೋಧಕರು ತಮ್ಮ ಆರು ನಗರಗಳನ್ನು ಮುಂದೆಯೂ ಗಮನಿಸಿ 2006ರಲ್ಲಿ ಮತ್ತೆ ವರದಿ ಮಾಡಿದರು. ನವಿರು ದೂಳು ಕಡಿಮೆಯಾದಂತೆ ಅಲ್ಲಿ ಸಾವಿನ ಅಪಾಯವೂ ಇಳಿದಿತ್ತು.